ಬೇಡವೆಂದರೆ ಬೇಡ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ವಿವರಿಸಿದ್ದುಂಟು. ಉತ್ತರ ತಿಳಿಯದೆ ತಲೆತಗ್ಗಿಸಿ ನಿಂತ ಹುಡುಗನ ಮೌನ ಸಮ್ಮತಿಯಲ್ಲ, ಅದು ಭಯ ಎಂದು ಸೇರಿಸುವುದನ್ನೂ ಮರೆಯುತ್ತಿರಲಿಲ್ಲ. ಆದರೆ ‘ಬೇಡ’ ಎಂಬುದನ್ನೂ ಸಮ್ಮತಿಯ ಖಾತೆಗೇ ಜಮೆ ಮಾಡಿಕೊಳ್ಳುವವರು ಇರಬಹುದೆಂದು ನನಗೆ ತಿಳಿದದ್ದು 2016ರ ಬೇಸಿಗೆ ರಜೆಯಲ್ಲಿ, ಪೀಣ್ಯದಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ವರ್ಕ್‌ಶಾಪಿನಲ್ಲಿ.

ಅವನದು ಚಿಕ್ಕ ಶೆಡ್ಡು. ಎರಡು ಸಿಎನ್‌ಸಿ ಯಂತ್ರಗಳು, ನಾಲ್ವರು ಕೆಲಸಗಾರರು, ಮೂಲೆಯಲ್ಲೊಂದು ವಿಂಡೋಸ್ 7 ಕಂಪ್ಯೂಟರು. ಯಂತ್ರಗಳಿಗೆ ಪ್ರೋಗ್ರಾಮುಗಳು ಅದರಿಂದಲೇ ಕೇಬಲ್ಲಿನ ಮೂಲಕ ಹೋಗಬೇಕು. ಆ ಹಳೆಯ ತಂತ್ರಾಂಶ ಹೊಸ ವಿಂಡೋಸಿನಲ್ಲಿ ನಡೆದೀತೆಂಬ ಖಾತ್ರಿ ಅವನಿಗಿರಲಿಲ್ಲ. “ಯಂತ್ರ ನಿಂತರೂ ಬ್ಯಾಂಕಿನ ಕಂತು ನಿಲ್ಲೋದಿಲ್ಲ ಸಾರ್” ಎಂದ. ಹಾಗೆನ್ನುತ್ತಲೇ ನೋಟ್‌ಪ್ಯಾಡಿನಲ್ಲಿ ಕೆಲವು ಸಾಲುಗಳನ್ನು ಟೈಪು ಮಾಡುತ್ತಿದ್ದ.

ಹಿನ್ನೆಲೆ ಇಷ್ಟು. ಮೈಕ್ರೋಸಾಫ್ಟ್ 2015ರ ಜುಲೈ 29ರಂದು ವಿಂಡೋಸ್ 10ನ್ನು ಬಿಡುಗಡೆ ಮಾಡಿ, ವಿಂಡೋಸ್ 7 ಹಾಗೂ 8.1 ಬಳಸುತ್ತಿದ್ದವರಿಗೆ ಒಂದು ವರ್ಷ ಕಾಲ ಉಚಿತವಾಗಿ ಕೊಡುವುದಾಗಿ ಸಾರಿತು. ಕೊಡುವವರು ಕೊಡಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೆಬಿ 3035583 ಎಂಬ ಅಪ್‌ಡೇಟಿನ ಮೂಲಕ ಜಿಡಬ್ಲ್ಯೂಎಕ್ಸ್ ಎಂಬ ಪುಟ್ಟ ಪ್ರೋಗ್ರಾಮೊಂದು ಗಡಿಯಾರದ ಪಕ್ಕ ಬಂದು ಕುಳಿತು, ದಿನವೂ ಅದೇ ರಾಗ ಹಾಡತೊಡಗಿತು. ಕೇಳದವರ ಕಂಪ್ಯೂಟರಿಗೂ ಹಲವು ಗಿಗಾಬೈಟುಗಳ ಕಡತಗಳು ಮುಂಚಿತವಾಗಿಯೇ ಇಳಿದವು. ಡೇಟಾಗೆ ಅಳೆದು ಹಣ ತೆರುವ ನಮ್ಮಂಥವರಿಗೆ ಅದು ಎಷ್ಟರ ‘ಉಚಿತ’? 2016ರ ಮೇ ತಿಂಗಳಲ್ಲಂತೂ ಮಿತಿಮೀರಿತು. ಮೂಲೆಯ ಕೆಂಪು ಗುಣಾಕಾರ ಚಿಹ್ನೆ ಒತ್ತಿದರೆ ಕಿಟಕಿಯೇನೋ ಮುಚ್ಚುತ್ತಿತ್ತು. ಮೊದಲೇ ಗೊತ್ತುಮಾಡಿದ್ದ ಅಪ್‌ಗ್ರೇಡ್ ಮಾತ್ರ ರದ್ದಾಗುತ್ತಿರಲಿಲ್ಲ! ಇಪ್ಪತ್ತು ವರ್ಷ ‘ಮುಚ್ಚು, ಬೇಡ’ ಎಂಬ ಅರ್ಥವಿದ್ದ ಗುರುತಿಗೆ ಒಂದೇ ದಿನದಲ್ಲಿ ‘ಆಗಲಿ’ ಎಂಬ ಅರ್ಥ ಹಚ್ಚಲಾಯಿತು.

ಇನ್ನು ನನ್ನ ವಿದ್ಯಾರ್ಥಿಯ ಬ್ಯಾಚ್ ಸ್ಕ್ರಿಪ್ಟಿನ ವಿಷಯ. ಒಂದು ಸಾಲು ಟಾಸ್ಕ್‌ಕಿಲ್ ಆಜ್ಞೆಯಿಂದ ಆ ಪ್ರೋಗ್ರಾಮನ್ನು ನಿಲ್ಲಿಸುತ್ತಿತ್ತು. ಮುಂದಿನದು ಕೆಬಿ 3035583ನ್ನು ಕಿತ್ತುಹಾಕುತ್ತಿತ್ತು. ಮತ್ತೊಂದು, ರೆಜಿಸ್ಟ್ರಿಯಲ್ಲಿ ‘ಡಿಸೇಬಲ್ ಓಎಸ್ ಅಪ್‌ಗ್ರೇಡ್’ ಎಂಬ ನಮೂದನ್ನು ಸೇರಿಸಿ ಅದಕ್ಕೆ 1 ಎಂಬ ಬೆಲೆ ಕೊಡುತ್ತಿತ್ತು. ಕಿತ್ತ ಅಪ್‌ಡೇಟ್ ಮತ್ತೆ ಮತ್ತೆ ಹೊಸದಾಗಿ ಬರುತ್ತಿದ್ದುದರಿಂದ ಸ್ಕ್ರಿಪ್ಟನ್ನು ಆಗಾಗ ಓಡಿಸಬೇಕಿತ್ತು. ಕಡತವನ್ನು ಅವನು ಪೆನ್‌ಡ್ರೈವಿನಲ್ಲಿ ಅಕ್ಕಪಕ್ಕದ ಶೆಡ್ಡುಗಳಿಗೂ ಹಂಚಿದ. ಪ್ರತಿ ಸಾಲಿನ ಅರ್ಥ ಹೇಳೆಂದು ನಾನು ಪಟ್ಟುಹಿಡಿದೆ, ಅವನು ಹೇಳಿದ. ಅರ್ಥವಾಗದ ಸ್ಕ್ರಿಪ್ಟನ್ನು ಯಾರೂ ಓಡಿಸಬಾರದು, ಓದದ ಕಾಗದಕ್ಕೆ ಸಹಿ ಹಾಕಬಾರದೆಂಬಂತೆ.

ವಿಚಿತ್ರವೆಂದರೆ, ಆ ರೆಜಿಸ್ಟ್ರಿ ನಮೂದನ್ನು ಕಂಪನಿಯೇ ಪ್ರಕಟಿಸಿತ್ತು. ಬಾಗಿಲಿಗೆ ಚಿಲಕವಿತ್ತು, ಆದರೆ ಅದನ್ನು ಅಟ್ಟದ ಮೇಲಿಟ್ಟಿದ್ದರು. ತಿಳಿದವನು ಏಣಿ ಹಾಕಿ ತಂದುಕೊಂಡ. ತಿಳಿಯದ ಗೃಹಿಣಿ, ಅಂಗಡಿಯವನು, ನಿವೃತ್ತ ಗುಮಾಸ್ತ ಏನು ಮಾಡಬೇಕಿತ್ತು?

ವೈಟ್‌ಫೀಲ್ಡಿನಲ್ಲಿರುವ ನನ್ನ ಸೋದರಳಿಯ ವಾದಿಸುತ್ತಾನೆ: “ಮಾವ, ಹಳೆಯದರಲ್ಲಿ ಸುರಕ್ಷತೆ ಇರೋದಿಲ್ಲ. ಜನರ ಒಳ್ಳೆಯದಕ್ಕೇ ಒತ್ತಾಯ ಮಾಡಿದ್ದು.” ಭದ್ರತಾ ಅಪ್‌ಡೇಟ್ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಪಿಡುಗು ಜಗತ್ತನ್ನೇ ನಡುಗಿಸಿ, ಪಕ್ಕದ ಆಂಧ್ರಪ್ರದೇಶದ ಪೊಲೀಸರ ಕಂಪ್ಯೂಟರುಗಳನ್ನೂ ಹೊಕ್ಕಿತು. ಅದಕ್ಕೆ ತಡೆಯಾಗುವ ಅಪ್‌ಡೇಟ್ ಮಾರ್ಚಿನಲ್ಲಿಯೇ ಬಂದಿತ್ತು. ಆದರೆ ಅಪ್‌ಗ್ರೇಡಿನ ಕಾಟಕ್ಕೆ ಬೇಸತ್ತು ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿಕೊಂಡವನಿಗೆ ಅದು ತಲುಪುವುದು ಹೇಗೆ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡದ್ದು ಅವನ ತಪ್ಪು, ನಿಜ. ಔಷಧದ ಬಾಟಲಿಯಲ್ಲಿ ಜಾಹೀರಾತು ಬೆರೆಸಿ ಕೊಟ್ಟು, ಔಷಧದ ಮೇಲಿನ ನಂಬಿಕೆಯನ್ನೇ ಕೆಡಿಸಿದ್ದು ಯಾರ ತಪ್ಪು? ಒತ್ತಾಯದಿಂದ ಹೆಚ್ಚು ಕೆಟ್ಟದ್ದು ಸುರಕ್ಷತೆಯೇ.

ಇದು ನನ್ನೊಬ್ಬನ ಮುನಿಸಲ್ಲ. ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ಇದೇ ವಿಷಯವಾಗಿ ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪರಿಹಾರ ಪಡೆದ ಸುದ್ದಿ 2016ರ ಜೂನ್‌ನಲ್ಲಿ ಬಂತು. ಆ ಬಳಿಕ ‘ನಿರಾಕರಿಸುತ್ತೇನೆ’ ಎಂಬ ನೇರ ಬಟನ್ ಕೊಡಲಾಯಿತು. ಮಿತಿಮೀರಿ ಹೋದೆವೆಂದು ಆ ಕಂಪನಿಯ ಮಾರುಕಟ್ಟೆ ಮುಖ್ಯಸ್ಥರೇ ಅದೇ ಡಿಸೆಂಬರಿನಲ್ಲಿ ಒಪ್ಪಿಕೊಂಡರು.

ಹಳೆಯ ಕಥೆ ಈಗೇಕೆ ಎನ್ನುತ್ತೀರಾ? ಅಂದು ಹೊಸದಾಗಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೆ ಮುನ್ನ, 2024ರಲ್ಲಿ, ಪರದೆಯ ತುಂಬ ವಿಂಡೋಸ್ 11ರ ಆಹ್ವಾನಗಳು ಬಂದವು. ಅದಕ್ಕೆ ಬೇಕಾದ ಟಿಪಿಎಂ 2.0 ಇಲ್ಲದ ಕಂಪ್ಯೂಟರು ಸುಸ್ಥಿತಿಯಲ್ಲಿದ್ದರೂ ‘ಅನರ್ಹ’. ಅಂದಿನ ಒತ್ತಾಯ ಉಚಿತದ್ದಾದರೂ ಆಗಿತ್ತು. ಇಂದಿನದಕ್ಕೆ ಹೊಸ ಯಂತ್ರದ ಬೆಲೆ ತೆರಬೇಕು.

ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿದೆ. ಬಿಡದೆ ಪೀಡಿಸುವುದೂ ಅದರಲ್ಲೊಂದು. ಸಂತೋಷ. ಆದರೆ ಕಾನೂನು ಕೊನೆಗೆ ಬರುವುದು. ಮೊದಲು ಬರುವುದು ಬಟನ್ನಿಗೆ ಕೋಡ್ ಬರೆಯುವ ಕೈ.

ಅದಕ್ಕೇ ಇದನ್ನು ಬರೆದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ ಅಂಥ ಕೋಡ್ ಬರೆಯುವ ಕೈಗಳಲ್ಲಿ ನನ್ನ ಮುಂದೆ ಕುಳಿತು ಅಕ್ಷರ ತಿದ್ದಿದ ಕೈಗಳೂ ಇವೆ. ಮಕ್ಕಳೇ, ‘ಬೇಡ’ ಎಂಬ ಬಟನ್ನನ್ನು ಬಚ್ಚಿಡಿರೆಂದು ನಾಳೆ ಯಾರಾದರೂ ನಿಮಗೆ ಹೇಳಿದರೆ, ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ತರಗತಿಯಲ್ಲಿ ಎದ್ದು ನಿಂತು ಕೇಳುವುದನ್ನು ನಿಮಗೆ ಕಲಿಸಿದ್ದೇನೆ ಎಂದುಕೊಂಡಿದ್ದೇನೆ. ಅಲ್ಲಿಯೂ ಮೌನವಾಗಿದ್ದರೆ, ಆ ಮೌನವನ್ನು ಮಾತ್ರ ನಾನು ಸಮ್ಮತಿಯೆಂದೇ ತಿಳಿಯುತ್ತೇನೆ.