ಇರುಳಿಗೂ ಒಂದು ಪಾಲಿರಲಿ

ಮಲೆನಾಡಿನ ಹಾದಿಬದಿಯಲ್ಲಿ ಮಕ್ಕಳು ಮುಟ್ಟಿ ಆಡುವ ನಾಚಿಕೆಮುಳ್ಳಿಗೆ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ದ ಮೆರಾನ್ ಇಂಥದೇ ಮುದುಡುವ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಎಲೆಗಳು ಹಗಲಿಗೆ ಬಿಚ್ಚಿಕೊಂಡವು, ಇರುಳಿಗೆ ಮಡಚಿಕೊಂಡವು. ಗಡಿಯಾರ ಗಿಡದೊಳಗೇ ಇತ್ತು. ಮನುಷ್ಯನೊಳಗೂ ಅಂಥದೊಂದು ಇದೆ. ಹಣ್ಣುನೊಣಗಳಲ್ಲಿ ಅದರ ಕಾರ್ಯವಿಧಾನವನ್ನು ಬಿಡಿಸಿ ತೋರಿದ ಹಾಲ್, ರೋಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಸಂದಿತು.

ಬಹುತೇಕ ಜನರಲ್ಲಿ ಈ ಗಡಿಯಾರ 24 ಗಂಟೆಗಿಂತ ತುಸು ನಿಧಾನ. ಅದನ್ನು ದಿನವೂ ಬೆಳಕೇ ತಿದ್ದಬೇಕು. ಅಕ್ಷಿಪಟಲದಲ್ಲಿ ಮುಖ್ಯವಾಗಿ ಹಗಲಿರುಳನ್ನು ಅರಿಯಲೆಂದು ಇರುವ ಕೋಶಗಳು ತಾವೇ ಬೆಳಕನ್ನು ಗ್ರಹಿಸುತ್ತವೆಂಬುದು 2002ರಲ್ಲಿ ಖಚಿತವಾಯಿತು. ಅವು ಹೆಚ್ಚು ಸ್ಪಂದಿಸುವುದು ನೀಲಿ ಬೆಳಕಿಗೆ. ಮುಸ್ಸಂಜೆಯ ನಂತರ ಆ ಬೆಳಕು ಕಣ್ಣಿಗೆ ಬಿದ್ದರೆ, ಇರುಳಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಸ್ರಾವ ತಡವಾಗುತ್ತದೆ; ನಿದ್ರೆಯೂ ತಡವಾಗುತ್ತದೆ.

ಇರುಳಿನ ಬೆಳಕಷ್ಟೇ ತಪ್ಪಿತಸ್ಥನಲ್ಲ. ಮಳೆಗಾಲದ ಮೋಡದ ಹಗಲಲ್ಲೂ ಅಂಗಳದಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಕೆಲವು ನೂರು ಮಾತ್ರ. ಗದ್ದೆ ತೋಟ ಬಿಟ್ಟು ಒಳಗೆ ಕೂರುವವನ ಹಗಲು ಮಂಕು, ಇರುಳು ಪ್ರಖರ. ಅಮೆರಿಕದ ಕೊಲರಾಡೋದಲ್ಲಿ 8 ಮಂದಿ ಒಂದು ವಾರ ಬಿಸಿಲು ಮತ್ತು ಬೆಂಕಿಯ ಬೆಳಕಿನಲ್ಲಷ್ಟೇ ಬೆಟ್ಟದಲ್ಲಿ ಕಳೆದಾಗ, ಅವರ ದೇಹದ ರಾತ್ರಿ ಸುಮಾರು ಎರಡು ಗಂಟೆ ಮುಂಚಿತವಾಗಿ ಆರಂಭವಾಯಿತೆಂದು 2013ರ ಅಧ್ಯಯನ ತೋರಿಸಿತು. ಲಯ ಕೆಡಿಸುವ ರಾತ್ರಿಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲೇ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದೆ.

ಬುಡ್ಡಿದೀಪಕ್ಕೆ ಮರಳಿರೆಂದು ಯಾರೂ ಹೇಳಬೇಕಿಲ್ಲ. ಸೀಮೆಎಣ್ಣೆಯ ಹೊಗೆ ಕುಡಿದ ತಾಯಂದಿರಿಗೆ ಆ ಬೆಳಕಿನ ಬೆಲೆ ಗೊತ್ತು. ಆದರೆ ವಿದ್ಯುತ್ತಿಗಾಗಿ ಶರಾವತಿ ಕಣಿವೆಯಲ್ಲಿ ಮುಳುಗಿದ ಕಾಡಿನ ಲೆಕ್ಕವಿಟ್ಟವರು, ಅದೇ ವಿದ್ಯುತ್ತು ಮನೆಯೊಳಗೆ ಏನನ್ನು ಮುಳುಗಿಸುತ್ತಿದೆಯೆಂದು ಕೇಳಿದ್ದು ಕಡಿಮೆ. ಎಲ್‌ಇಡಿ ಬಲ್ಬು ಕೊಳ್ಳುವಾಗ ಎಲ್ಲರೂ ವ್ಯಾಟ್ ನೋಡುತ್ತಾರೆ, ಬಣ್ಣವನ್ನಲ್ಲ. ಪೊಟ್ಟಣದ ಮೇಲೆ 6500 ಕೆಲ್ವಿನ್ ಎಂದಿದ್ದರೆ ನೀಲಿ ಬೆರೆತ ಬಿಳಿ ಬೆಳಕು. 2700 ಎಂದಿದ್ದರೆ ಹಳದಿ. ಮಲಗುವ ಕೋಣೆಗೆ ಎರಡನೆಯದೇ ಸಾಕು, ಅದೂ ಮಂದವಾಗಿ.

ಮೊದಲು ಬದಲಾಗಬೇಕಾದುದು ವಿದ್ಯಾರ್ಥಿನಿಲಯಗಳು. ಓದುವವರಿಗೂ ಮಲಗುವವರಿಗೂ ಒಂದೇ ಕೋಣೆ, ನೆತ್ತಿಯ ಮೇಲೆ ಒಂದೇ ಬಿಳಿ ದೀಪ. ಓದಲು ಪ್ರತ್ಯೇಕ ಕೊಠಡಿ, ಮಲಗುವಲ್ಲಿ ಹಳದಿ ಬಲ್ಬು, ಬೆಳಗಿನ ಓದಿಗೆ ಹೊರ ಜಗುಲಿ: ಇಷ್ಟನ್ನು ಪೋಷಕರು ಈ ವರ್ಷವೇ ಕೇಳಬಹುದು.