ರಾತ್ರಿಯ ಕಬಡ್ಡಿಗೆ ಯಾವ ಲೆನ್ಸು?

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಕಡೆಯ ಊರುಗಳಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಭಿತ್ತಿಪತ್ರಗಳು ಗೋಡೆಗಳನ್ನು ಅಲಂಕರಿಸುತ್ತವೆ. ಹೊನಲೆಂದರೆ ಪ್ರವಾಹ. ಹೆಸರಿಟ್ಟವನು ರಸಿಕನೇ ಸರಿ. ಆದರೆ ಬೆಳಕು ಅಲ್ಲಿ ಹೊನಲಾಗಿ ಹರಿಯುವುದು ಪ್ರೇಕ್ಷಕನ ಕಣ್ಣಿಗೆ ಮಾತ್ರ. ಮನುಷ್ಯನ ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುವ ಜಾಣ ಅಂಗ. ಕ್ಯಾಮರಾಕ್ಕೆ ಆ ಜಾಣತನವಿಲ್ಲ. ಅದರ ಪಾಲಿಗೆ ಈ ಹೊನಲು ಬೇಸಗೆಯ ಹಳ್ಳದ ತೆಳುಧಾರೆ.

ಸಂತೇಬೆನ್ನೂರಿನಂಥ ಊರೊಂದರಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮದುವೆ, ನಾಮಕರಣಗಳೇ ಅವನ ಜೀವನಾಧಾರ. ಕೆಂಗ ಹನುಮಪ್ಪನಾಯಕನ ಪುಷ್ಕರಣಿಯ ಕಲ್ಲುಮಂಟಪವನ್ನು ಹಿನ್ನೆಲೆಯಾಗಿಸಿಕೊಂಡು, ಬೆಳಗಿನ ಬಿಸಿಲಿನಲ್ಲಿ ವಧೂವರರ ಚಿತ್ರ ತೆಗೆಯುವಾಗ ಅವನ ಕ್ಯಾಮರಾದೊಡನೆ ಬಂದ ಸಾಧಾರಣ ಲೆನ್ಸೇ ಬೇಕಾದಷ್ಟಾಯಿತು. ಅದೇ ಲೆನ್ಸನ್ನು ರಾತ್ರಿ ಹತ್ತು ಗಂಟೆಗೆ ಕಬಡ್ಡಿಯ ಅಂಕಣದತ್ತ ತಿರುಗಿಸಿದರೆ, ಎದುರಾಳಿಯನ್ನು ಮುಟ್ಟಲು ಕಾಲು ಚಾಚಿದ ದಾಳಿಗಾರನು ಒದ್ದೆ ಕೈಯಿಂದ ಒರೆಸಿದ ಶಾಯಿಯಂತೆ ಕಾಣುತ್ತಾನೆ. ಹಗಲೆಲ್ಲ ಅಡಿಕೆ ತೋಟದಲ್ಲಿ ದುಡಿದು ರಾತ್ರಿ ಊರಿನ ಮಾನಕ್ಕಾಗಿ ಆಡಿದ ಆ ಹುಡುಗನಿಗೆ ಮನೆಯ ಗೋಡೆಗೆ ಹಾಕಿಕೊಳ್ಳಲು ಒಂದು ಚಿತ್ರವೂ ದೊರೆಯಲಿಲ್ಲ.

ತರುಣನು ಆಗ ಹೊಸ ಲೆನ್ಸು ಕೊಳ್ಳಲು ನಿಶ್ಚಯಿಸುತ್ತಾನೆ. ತಪ್ಪು ಆರಂಭವಾಗುವುದೂ ಅಲ್ಲಿಯೇ. ಕ್ರೀಡಾ ಛಾಯಾಗ್ರಹಣವೆಂದೊಡನೆ ಅವನ ಕಣ್ಣೆದುರು ನಿಲ್ಲುವುದು ದೂರದರ್ಶನದಲ್ಲಿ ಕಂಡ ಕ್ರಿಕೆಟ್ ಮೈದಾನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1996ರ ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಪಂದ್ಯವು ದೀಪಗಳ ಬೆಳಕಿನಲ್ಲಿ ನಡೆದುದನ್ನು ಮರೆತವರು ಯಾರು? ಅಂಥ ಪಂದ್ಯಗಳಲ್ಲಿ ಎಲ್ಲೆಗೆರೆಯಾಚೆ ಕುಳಿತ ಛಾಯಾಗ್ರಾಹಕರ ಮುಂದೆ ತೋಪಿನಂತಹ ಲೆನ್ಸುಗಳಿರುತ್ತವೆ. ಅವು ಅವರಿಗೆ ಅಗತ್ಯ. ಬ್ಯಾಟುಗಾರನು ಅವರಿಂದ 65 ಮೀಟರು ದೂರದಲ್ಲಿದ್ದಾನೆನ್ನೋಣ. ಪೂರ್ಣ ಗಾತ್ರದ, ಎಂದರೆ 36 ಮಿಲಿಮೀಟರು ಉದ್ದದ ಸೆನ್ಸಾರಿನ ಕ್ಯಾಮರಾವನ್ನು ನೆಟ್ಟಗೆ ಹಿಡಿದು ಅವನನ್ನು ಚೌಕಟ್ಟಿನ ತುಂಬ ತುಂಬಬೇಕಾದರೆ ಸಾವಿರ ಮಿಲಿಮೀಟರಿನ ಸಮೀಪದ ಸಂಗಮದೂರ ಬೇಕಾಗುತ್ತದೆ.

ಕಬಡ್ಡಿಯ ಲೆಕ್ಕವೇ ಬೇರೆ. ಪುರುಷರ ಅಂಕಣ 13 ಮೀಟರು ಉದ್ದ, 10 ಮೀಟರು ಅಗಲ. ಕೊನೆಗೆರೆಯಿಂದ ಮೂರು ಮೀಟರು ಹಿಂದೆ ಮಂಡಿಯೂರಿ ಕುಳಿತವನಿಗೆ ಮಧ್ಯರೇಖೆಯು ಒಂಬತ್ತೂವರೆ ಮೀಟರಿನಾಚೆ ಇರುತ್ತದೆ. ಅಲ್ಲಿ ನಿಂತ ಆಟಗಾರನನ್ನು, ತಲೆಯ ಮೇಲೆ ಕೊಂಚ ಜಾಗ ಬಿಟ್ಟು ಪೂರ್ಣವಾಗಿ ಹಿಡಿಯಲು 140 ಮಿಲಿಮೀಟರು ಸಾಕು. 200ಕ್ಕೆ ಹೋದರೆ ಅವನ ಕಾಲು ಚೌಕಟ್ಟಿನ ಹೊರಗುಳಿಯುತ್ತದೆ. 400, 600 ಎಂಬ ಅಂಕಿಗಳು ಇಲ್ಲಿ ಬರಿಯ ಭಾರ. ಕೆರೆಯ ಹಕ್ಕಿಗಳ ಹುಚ್ಚು ಹಿಡಿದಿದ್ದರೆ ಮಾತು ಬೇರೆ.

ಹಾಗಾದರೆ ಹಣ ಕೊಟ್ಟು ಕೊಳ್ಳಬೇಕಾದುದು ಏನನ್ನು? ಲೆನ್ಸಿನ ಉದ್ದವನ್ನಲ್ಲ, ಬಾಯಿಯ ಅಗಲವನ್ನು. ಲೆನ್ಸಿನ ಮೈಮೇಲೆ 2.8 ಎಂದೋ 5.6 ಎಂದೋ ಒಂದು ಅಂಕಿ ಇರುತ್ತದೆ. ಸಂಗಮದೂರವನ್ನು ಅದರಿಂದ ಭಾಗಿಸಿದರೆ ಬೆಳಕು ಒಳಹೊಗುವ ಬಾಗಿಲಿನ ಅಗಲ ದೊರೆಯುತ್ತದೆ. 200 ಮಿಲಿಮೀಟರಿನಲ್ಲಿ ಎಫ್ 2.8 ಎಂದರೆ 71 ಮಿಲಿಮೀಟರಿನ ಬಾಗಿಲು, ಎಫ್ 5.6 ಎಂದರೆ 36. ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಅಗಲ ಇಮ್ಮಡಿಯಾದಾಗ ಬೆಳಕು ನಾಲ್ಮಡಿಯಾಗುತ್ತದೆ.

ಈ ನಾಲ್ಮಡಿಯ ಬೆಲೆ ಏನೆಂಬುದು ಅಂಕಣದಲ್ಲಿ ತಿಳಿಯುತ್ತದೆ. ಊರ ಮೈದಾನದ ದೀಪಗಳಡಿಯಲ್ಲಿ, ಕ್ಯಾಮರಾದ ಸೂಕ್ಷ್ಮತೆಯನ್ನು ಐಎಸ್‌ಓ 6400ಕ್ಕೆ ಏರಿಸಿ ಎಫ್ 2.8ರಲ್ಲಿ 1/640 ಸೆಕೆಂಡಿನ ವೇಗ ದೊರೆಯಿತೆಂದು ಇಟ್ಟುಕೊಳ್ಳೋಣ. ಅದೇ ಬೆಳಕಿನಲ್ಲಿ ಎಫ್ 5.6ರ ಲೆನ್ಸಿಗೆ ದೊರೆಯುವುದು 1/160 ಮಾತ್ರ. ಸೆಕೆಂಡಿಗೆ 8 ಮೀಟರು ವೇಗದಲ್ಲಿ ಚಾಚಿದ ಕೈ ಮೊದಲನೆಯದರಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಸರಿದಿರುತ್ತದೆ, ಎರಡನೆಯದರಲ್ಲಿ ಐದು ಸೆಂಟಿಮೀಟರು. ಒಂದರಲ್ಲಿ ಬೆರಳುಗಳನ್ನು ಎಣಿಸಬಹುದು. ಇನ್ನೊಂದರಲ್ಲಿ ಕೈ ಎಲ್ಲಿ ಮುಗಿದು ಗಾಳಿ ಎಲ್ಲಿ ಆರಂಭವಾಯಿತೆಂಬುದೇ ತಿಳಿಯದು. ಸೂಕ್ಷ್ಮತೆಯನ್ನು 25600ಕ್ಕೆ ಏರಿಸಿ ಕಳೆದ ವೇಗವನ್ನು ಮರಳಿ ಪಡೆಯಬಹುದು, ನಿಜ. ಆದರೆ ಆಗ ಆಟಗಾರನ ಮುಖದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು ಮೂಡುತ್ತದೆ.

ಅಂಗಡಿಯಲ್ಲಿ ಎಚ್ಚರವಹಿಸಬೇಕಾದ ಮಾತುಗಳು ಎರಡು. ‘70ರಿಂದ 300, ಎಫ್ 4ರಿಂದ 5.6’ ಎಂದು ಬರೆದ ಅಗ್ಗದ ಝೂಮ್ ಲೆನ್ಸಿನಲ್ಲಿ ಆ ನಾಲ್ಕು ಇರುವುದು ಗಿಡ್ಡ ತುದಿಯಲ್ಲಿ ಮಾತ್ರ. ದೂರಕ್ಕೆ ಚಾಚಿದಂತೆಲ್ಲ ಬಾಗಿಲು ಕಿರಿದಾಗುತ್ತದೆ. ಬೆಳಕು ಬೇಕಾದ ಹೊತ್ತಿಗೇ ಕೈಕೊಡುವ ನೆಂಟನ ಹಾಗೆ. ಎರಡನೆಯದು, ‘ಇದರಲ್ಲಿ ಅಲುಗಾಟ ತಡೆಯುವ ಸಾಧನವಿದೆ, ಕತ್ತಲೆಗೆ ಹೆದರಬೇಡಿ’ ಎಂಬ ಭರವಸೆ. ಆ ಸಾಧನ ತಡೆಯುವುದು ಛಾಯಾಗ್ರಾಹಕನ ಕೈನಡುಕವನ್ನು. ಪುಷ್ಕರಣಿಯ ಮಂಟಪವನ್ನು ಮುಸ್ಸಂಜೆಯಲ್ಲಿ ತೆಗೆಯಲು ಅದು ಬಹಳ ಉಪಕಾರಿ, ಏಕೆಂದರೆ ಮಂಟಪ ಓಡುವುದಿಲ್ಲ. ಓಡುವ ದಾಳಿಗಾರನನ್ನು ಯಾವ ಸಾಧನವೂ ನಿಲ್ಲಿಸಲಾರದು. ನಿಲ್ಲಿಸಬಲ್ಲವರು ಎದುರು ಪಕ್ಷದ ಏಳು ಮಂದಿ ಮತ್ತು ವೇಗದ ಷಟರು ಮಾತ್ರ.

ಆದ್ದರಿಂದ ಕಬಡ್ಡಿಗೂ ವಾಲಿಬಾಲಿಗೂ ಸರಿಯಾದ ಝೂಮ್ ಎಂದರೆ ಉದ್ದಕ್ಕೂ ಎಫ್ 2.8 ಉಳಿಸಿಕೊಳ್ಳುವ 70-200. ದಾಳಿಗಾರ ಹತ್ತಿರ ನುಗ್ಗಿದಾಗ ಹಿಂದೆಗೆದುಕೊಳ್ಳಬಹುದು, ಆಚೆಯ ಪಾಳೆಯಕ್ಕೆ ಹೋದಾಗ ಚಾಚಬಹುದು. ಹಿಂದಿನ ಫ್ಲೆಕ್ಸು ಬ್ಯಾನರುಗಳ ನಗುಮುಖಗಳೂ ಮಸುಕಾಗಿ ಮರೆಯಾಗುತ್ತವೆ, ಇದೂ ಒಂದು ಲಾಭವೇ. ಕಷ್ಟವಿರುವುದು ಬೆಲೆಯಲ್ಲಿ. ಹೊಸದು ಲಕ್ಷವನ್ನು ಸುಲಭವಾಗಿ ದಾಟುತ್ತದೆ. ಕ್ಯಾಮರಾ ಕಂಪೆನಿಯದೇ ಆದರೆ ಎರಡು ಲಕ್ಷವನ್ನು. ಭಾರವೂ ಒಂದರಿಂದ ಒಂದೂವರೆ ಕಿಲೋಗ್ರಾಂ. ವರ್ಷಕ್ಕೆ ನಾಲ್ಕೈದು ಪಂದ್ಯಾವಳಿಗಳ ಚಿತ್ರ ತೆಗೆಯುವವನು ಇದಕ್ಕಾಗಿ ಸಾಲ ಮಾಡುವುದು ವಿವೇಕವಲ್ಲ. ಪಂದ್ಯಾವಳಿಯ ಸಮಿತಿಯವರು ಚಿತ್ರಗಳಿಗೆ ಕೊಡುವ ಹಣದಿಂದ ಅದರ ಬಡ್ಡಿಯೂ ಹುಟ್ಟದು.

ಅಂಥವನಿಗೆ ಇನ್ನೊಂದು ದಾರಿಯಿದೆ. 85 ಮಿಲಿಮೀಟರು, ಎಫ್ 1.8ರ ಸ್ಥಿರ ಲೆನ್ಸು ಝೂಮಿನ ಬೆಲೆಯ ಒಂದಂಶಕ್ಕೆ ದೊರೆಯುತ್ತದೆ. ಇದು ಎಫ್ 2.8ಕ್ಕಿಂತಲೂ ಸುಮಾರು ಎರಡೂಕಾಲು ಪಟ್ಟಿಗೆ ಮಿಕ್ಕಿ ಬೆಳಕು ಹೀರುತ್ತದೆ. ಸಣ್ಣ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿರುವ ಚಿಕ್ಕ ಸೆನ್ಸಾರಿನ ಕ್ಯಾಮರಾದಲ್ಲಿ ಮಧ್ಯರೇಖೆಯ ಆಟಗಾರನನ್ನು ಹಿಡಿಯಲು ಬೇಕಾದುದೂ ತೊಂಬತ್ತರ ಆಸುಪಾಸೇ. ಝೂಮ್ ಮಾಡಲಾಗದು, ಜಾಗ ಬದಲಿಸುತ್ತ ಕಾಲಿನಿಂದ ಆ ಕೆಲಸ ಮಾಡಬೇಕು. ಅಲ್ಲದೆ ಇದು ಸ್ಫುಟವಾಗಿ ತೋರುವ ಪಟ್ಟಿ ಒಂದು ಮೀಟರಿಗೂ ಕಡಿಮೆ. ಹಿಡಿತಗಾರರೆಲ್ಲ ದಾಳಿಗಾರನ ಮೇಲೆ ಬಿದ್ದಾಗ ಯಾರ ಮುಖ ಸ್ಪಷ್ಟವಾಗಿ ಬೇಕೆಂಬುದನ್ನು ಮೊದಲೇ ತೀರ್ಮಾನಿಸಿರಬೇಕು. ಮದುವೆಯ ಕೆಲಸಕ್ಕೂ ಇದೇ ಲೆನ್ಸು ಬಂದೀತು, ಆದ್ದರಿಂದ ಪೆಟ್ಟಿಗೆಯಲ್ಲಿ ಸುಮ್ಮನೆ ಕೂರುವುದಿಲ್ಲ.

ಝೂಮೇ ಬೇಕೆಂಬವನು ಬಳಸಿದ್ದನ್ನು ನೋಡಬಹುದು. ಚನ್ನಗಿರಿ ಸೀಮೆಯವರಿಗೆ ಅಡಿಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡದೆ ಬೆಲೆ ಹೇಳುವ ಅಭ್ಯಾಸವಿಲ್ಲ. ಲೆನ್ಸಿಗೂ ಅದೇ ಪರೀಕ್ಷೆ ನಡೆಯಲಿ. ಹಿಂದಿನಿಂದ ಟಾರ್ಚು ಬಿಟ್ಟು ನೋಡಿದಾಗ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಮುಟ್ಟಬಾರದು. ಮಲೆನಾಡಿನ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಅಪರೂಪವಲ್ಲ. ಝೂಮ್ ಉಂಗುರ ತಿರುಗಿಸಿದಾಗ ಮರಳು ಅರೆದ ಸದ್ದು ಬಂದರೆ ಮಣ್ಣಿನ ಅಂಕಣದ ಧೂಳು ಒಳಸೇರಿದೆ ಎಂದು ತಿಳಿಯಬೇಕು. ಬಾಗಿಲನ್ನು ಪೂರ್ತಿ ತೆರೆದೇ, 70ರಲ್ಲಿಯೂ 200ರಲ್ಲಿಯೂ ಚಿತ್ರ ತೆಗೆದು ನೋಡಬೇಕು. ಎಫ್ 8ರಲ್ಲಿ ಯಾವ ಲೆನ್ಸಾದರೂ ಸಜ್ಜನನೇ.

ಲೆನ್ಸು ಸರಿಯಿದ್ದರೂ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ ಬರುವುದುಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ದೀಪಗಳು ಅದರೊಡನೆ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತವೆ. ಕ್ಯಾಮರಾದಲ್ಲಿ ಈ ಮಿಣುಕನ್ನು ಗುರುತಿಸುವ ಏರ್ಪಾಡಿದ್ದರೆ ಅದನ್ನು ಚಾಲೂ ಮಾಡಬೇಕು. ಇಲ್ಲದಿದ್ದರೆ ಒಂದೊಂದು ದಾಳಿಗೂ ಹತ್ತಾರು ಚಿತ್ರ ತೆಗೆದು ಬೆಳಗಿದವನ್ನು ಆರಿಸಿಕೊಳ್ಳಬೇಕು. ದಾಳಿಯ ಅವಧಿ 30 ಸೆಕೆಂಡು, ಅವಕಾಶ ಧಾರಾಳವಾಗಿದೆ. ಫ್ಲಾಷನ್ನು ಮಾತ್ರ ಚೀಲದಲ್ಲಿಯೇ ಬಿಡುವುದು ಲೇಸು. ಉಸಿರು ಬಿಗಿಹಿಡಿದು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಬರುವವನ ಕಣ್ಣಿಗೆ ಮಿಂಚು ಹೊಡೆದು ಅವನು ಸಿಕ್ಕಿಬಿದ್ದರೆ, ಆ ಪಕ್ಷದ ಊರಿನವರು ಲೆನ್ಸಿನ ಬೆಲೆ ಕೇಳುವುದಿಲ್ಲ.