ಹೃದಯಕ್ಕೆ ಚಿಕಿತ್ಸೆಯಾಯಿತು, ಮನಸ್ಸಿಗೆ?

ಅಂಬಲಪಾಡಿಯ ಹೆದ್ದಾರಿ ಬದಿಯಲ್ಲಿ ಚಿಲ್ಲರೆ ಅಂಗಡಿ ಇಟ್ಟಿರುವ ನಮ್ಮ ಪರಿಚಿತರೊಬ್ಬರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಯಿತು. ಅಂಗಡಿ ತೆರೆಯಲು ಅಡ್ಡಿಯಿಲ್ಲವೆಂದು ವೈದ್ಯರು ಹೇಳಿದ್ದಾರೆ. ಆದರೂ ಬಾಗಿಲು ಮುಚ್ಚಿಯೇ ಇದೆ. ರಾತ್ರಿ ನಿದ್ರೆಯಿಲ್ಲ, ಎದೆ ತುಸು ಹೊಡೆದುಕೊಂಡರೆ ಅಂತ್ಯಕಾಲ ಬಂತೆಂಬ ದಿಗಿಲು, ಒಬ್ಬರೇ ಪೇಟೆಗೆ ಹೋಗಲು ಅಂಜಿಕೆ. ನೆರೆಯವರು ಇದನ್ನು ಮೈಗಳ್ಳತನವೆನ್ನುತ್ತಾರೆ.

ಇದು ಮೈಗಳ್ಳತನವಲ್ಲ, ರೋಗ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ಅಂಥವರ ಚೇತರಿಕೆಗೆ ಖಿನ್ನತೆಯನ್ನೂ ಒಂದು ಅಪಾಯವೆಂದೇ ಗಣಿಸಬೇಕೆಂದು 2014ರಲ್ಲಿ ಅಮೆರಿಕದ ಹೃದ್ರೋಗ ಸಂಘ ಸಲಹೆ ಮಾಡಿತು. ಮನಸ್ಸು ಕುಗ್ಗಿದವನು ಗುಳಿಗೆ ಬಿಡುತ್ತಾನೆ, ನಡೆಯುವುದನ್ನು ಬಿಡುತ್ತಾನೆ, ಬಿಟ್ಟ ಬೀಡಿಯನ್ನು ಮತ್ತೆ ಹಿಡಿಯುತ್ತಾನೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧವನ್ನು ತಾನಾಗಿ ನಿಲ್ಲಿಸಿದರೆ ಸ್ಟೆಂಟ್ ಹಾಕಿದ ನಾಳವೇ ಮತ್ತೆ ಕಟ್ಟಿಕೊಳ್ಳಬಹುದು.

ಮಣಿಪಾಲದಲ್ಲಿ 1953ರಲ್ಲಿಯೇ ವೈದ್ಯ ಕಾಲೇಜು ಆರಂಭವಾದ ಜಿಲ್ಲೆ ನಮ್ಮದು. 2017ರಲ್ಲಿ ಸ್ಟೆಂಟಿನ ಬೆಲೆಗೆ ಮಿತಿ ಬಿತ್ತು. 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತಿದೆ. ಇವು ಭಿಕ್ಷೆಯಲ್ಲ, ಜನರ ಹಕ್ಕು. ಆದರೆ ಮನೆಗೆ ಮರಳಿದ ಮೇಲಿನ ಔಷಧ, ಪರೀಕ್ಷೆಗಳ ಖರ್ಚಿಗೆ ಆಯುಷ್ಮಾನ್ ಲೆಕ್ಕ 15 ದಿನಗಳಿಗೆ ಮುಗಿಯುತ್ತದೆ. ಹದಿನಾರನೆಯ ದಿನ ಭಯವೂ ಮುಗಿಯುತ್ತದೆಯೇ?

ಇ.ಎಸ್.ಐ. ಇರುವ ಮಿಲ್ ಕಾರ್ಮಿಕನಿಗೆ ಸಾಮಾನ್ಯವಾಗಿ ವರ್ಷದಲ್ಲಿ 91 ದಿನ ಕೂಲಿಯ ಶೇ. 70ರಷ್ಟು ಕಾಯಿಲೆ ಭತ್ಯ ಸಿಗುತ್ತದೆ. ಅನಂತರ ಅದೇ ಮೂಟೆ, ಅದೇ ರಾತ್ರಿ ಪಾಳಿ. ಚಿಲ್ಲರೆ ವ್ಯಾಪಾರಿಗೆ ಅಷ್ಟೂ ಇಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಅನ್ನದ ದಾರಿ ತೋರಿಸದೆ "ಚಿಂತೆ ಬಿಡಿ" ಎಂದು ಉಪದೇಶಿಸುವುದು ಚಿಕಿತ್ಸೆಯಾಗಲಾರದು.

ದಾರಿಯೇ ಇಲ್ಲವೆಂದಲ್ಲ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ನಡೆದ ಪರೀಕ್ಷೆಯ ಫಲ 2020ರಲ್ಲಿ ಪ್ರಕಟವಾಯಿತು. ಯೋಗ ಮತ್ತು ತಿಳಿವಳಿಕೆಯ ತರಗತಿಗಳು ಸಾವನ್ನು ಕಡಮೆ ಮಾಡಿದುವೆಂದು ಅದು ಸಾಧಿಸಲಿಲ್ಲ. ಆದರೆ ರೋಗಿಗಳು ತಮ್ಮ ಹಿಂದಿನ ಕೆಲಸಕಾರ್ಯಗಳಿಗೆ ಮರಳಲು ನೆರವಾದುವು. ದುಡಿಯುವವನಿಗೆ ಇದೇನು ಸಣ್ಣ ಲಾಭವೇ?

ಆದುದರಿಂದ ನಾವು ಕೇಳುವುದು ಇಷ್ಟು. ಹೃದಯದ ರೋಗಿ ಮರುಪರೀಕ್ಷೆಗೆ ಬಂದಾಗಲೆಲ್ಲ ವೈದ್ಯರು ನಿದ್ರೆ, ಭಯ, ಬೇಸರಗಳ ಬಗ್ಗೆಯೂ ವಿಚಾರಿಸಲಿ. ಅಂಥ ತರಗತಿಗಳು ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ನಡೆಯಲಿ. ಮಾಲಕರು ಮರಳಿ ಬಂದವನಿಗೆ ಕೆಲವು ತಿಂಗಳು ಹಗುರ ಕೆಲಸವನ್ನು ಪೂರ್ಣ ಕೂಲಿಯೊಂದಿಗೆ ಕೊಡಲಿ. ಸಣ್ಣ ವ್ಯಾಪಾರಿಗೂ ಕಾಯಿಲೆ ಭತ್ಯದ ವ್ಯವಸ್ಥೆಯಾಗಲಿ.

ಬಂಧುಗಳೇ, ಎದೆನೋವು ಬಂದರೆ "ಬರಿಯ ಭಯ" ಎಂದು ಸುಮ್ಮನಿರಬೇಡಿ. ಮೊದಲು ಆಸ್ಪತ್ರೆಗೆ ಹೋಗಿರಿ. ಹೃದಯ ಸರಿಯಿದೆಯೆಂದರೂ ಭಯ ಬಿಡದಿದ್ದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. 14416 ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಿರಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪಕ್ಕದ ಅಂಗಡಿಯ ಬಾಗಿಲು ಬಹಳ ದಿನ ಮುಚ್ಚಿದ್ದರೆ, ಒಳಗೆ ಹೋಗಿ ಒಂದು ಮಾತು ಕೇಳಿ ಬನ್ನಿರಿ.